ಬೋರ್ಡೋ ನೋಡ್ಕೊಂಡು ಬಾ

ನಮ್ಮೂರು ಬೂದಿಗೆರೆಯಲ್ಲಿ ಸುಮ್ಮನೆ ನಡೆಯುವಂತಿಲ್ಲ. ಯಾರೂ ಅಡ್ಡ ಬರುವುದಿಲ್ಲ, ಆದರೆ ಕೇಳುತ್ತಾರೆ. ಬಸ್ ಸ್ಟಾಪಿನ ಅಂಗಡಿ ಮುಂದೆ ಕೂತವರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವವರು, ಟಿವಿಎಸ್ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಕೊಟ್ಟವರು, ಎಲ್ಲರದೂ ಒಂದೇ ಪ್ರಶ್ನೆ: “ಎಲ್ಲಿಗ್ ಹೊಂಟೆ ಅಮ್ಮಣ್ಣಿ?” ತೋಟಕ್ಕೆ ಅನ್ನಬೇಕು, ಡೇರಿಗೆ ಅನ್ನಬೇಕು, ಅತ್ತೆ ಮನೆಗೆ ಅನ್ನಬೇಕು. “ಎಲ್ಲಿಗೂ ಇಲ್ಲ, ಸುಮ್ನೆ” ಅಂದರೆ ಆ ಸುದ್ದಿ ನನಗಿಂತ ಮೊದಲೇ ಮನೆ ತಲುಪಿರುತ್ತದೆ. ಅಮ್ಮ ಬಾಗಿಲಲ್ಲೇ ನಿಂತು, “ಸುಮ್ನೆ ಯಾಕ್ ಹೋಗಿದ್ದೆ?” ಅನ್ನುತ್ತಾಳೆ. ಹುಡುಗರಾದರೆ ಕ್ರಿಕೆಟ್ಟು ಅಂತ ಹೇಳಿ ಕೆರೆ ಏರಿ ಮೇಲೆ ಸಂಜೆಯಿಡೀ ಅಲೆಯಬಹುದು. ಹೆಣ್ಣುಮಕ್ಕಳ ನಡಿಗೆಗೆ ಒಂದು ಕಾರಣ ಇರಲೇಬೇಕು, ಕೈಯಲ್ಲಿ ಒಂದು ಹಾಲಿನ ಕ್ಯಾನಾದರೂ ಇರಬೇಕು.

ಹೀಗೆ ಬೆಳೆದವಳನ್ನು 2022ರ ಬೇಸಿಗೆಯಲ್ಲಿ ಕಂಪನಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳಿಸಿತು. ವಿಮಾನ ನಿಲ್ದಾಣ ನಮ್ಮೂರ ಮಗ್ಗುಲಲ್ಲೇ ಇದೆ. 2008ರಲ್ಲಿ ದೇವನಹಳ್ಳಿಯಲ್ಲಿ ಅದು ಶುರುವಾದ ಮೇಲೆ ಹುಟ್ಟಿದ ಮಕ್ಕಳು ವಿಮಾನದ ಸದ್ದಿಗೆ ತಲೆ ಎತ್ತುವುದೂ ಇಲ್ಲ. ಆದರೂ ನಮ್ಮ ಮನೆಯಿಂದ ಅದರೊಳಗೆ ಕೂತು ಹೊರಟವಳು ನಾನೇ ಮೊದಲು.

ಸ್ಟುಟ್‌ಗಾರ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಶನಿವಾರ ಬೆಳಗ್ಗೆ ಬಾಗಿಲು ಎಳೆದುಕೊಂಡು ಹೊರಟರೆ ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯಾಕೆ ನಮಸ್ಕಾರ ಹೇಳಿ ಇಳಿದುಹೋದಳು, ಅಷ್ಟೇ. ಮೊದಲ ವಾರ ಅದು ಪರಮಸುಖ. ಎರಡನೇ ವಾರ ಸ್ವಲ್ಪ ಬೇಜಾರು, ನಿಜ ಹೇಳಬೇಕೆಂದರೆ.

ಆ ಊರು ಒಂದು ಬೋಗುಣಿಯ ತಳದಲ್ಲಿದೆ, ಸುತ್ತ ದಿಣ್ಣೆಗಳು. ದಿಣ್ಣೆ ಹತ್ತಿಳಿಯಲು ಊರಿನ ತುಂಬ 400ಕ್ಕೂ ಹೆಚ್ಚು ಮೆಟ್ಟಿಲುದಾರಿಗಳಿವೆ. ‘ಷ್ಟೆಫಲೆ’ ಅಂತ ಕರೆಯುತ್ತಾರೆ. ಅಲ್ಲಿ ಹಿಂದೆಲ್ಲ ಇಳಿಜಾರಿನ ತುಂಬ ದ್ರಾಕ್ಷಿ ತೋಟಗಳಿದ್ದವು. ತೋಟಕ್ಕೆ ಹೋಗಿಬರಲು ಮಾಡಿಕೊಂಡಿದ್ದ ಮೆಟ್ಟಿಲುಗಳೇ ಮನೆಗಳೆದ್ದ ಮೇಲೆ ಬೀದಿಗಳಾದವು. ತೋಟಗಳೂ ಪೂರ್ತಿ ಹೋಗಿಲ್ಲ. ದೊಡ್ಡ ರೈಲು ನಿಲ್ದಾಣದಿಂದ ಹೊರಬಂದು ಕತ್ತೆತ್ತಿದರೆ ಎದುರು ಗುಡ್ಡದ ಮೇಲೆ ಸಾಲು ಸಾಲು ದ್ರಾಕ್ಷಿ. ಮೆಜೆಸ್ಟಿಕ್ ಎದುರಿಗೆ ದ್ರಾಕ್ಷಿ ತೋಟ ಇದ್ದರೆ ಹೇಗಿರುತ್ತದೋ ಹಾಗೆ.

ದ್ರಾಕ್ಷಿ ಕಂಡಮೇಲೆ ಅಪ್ಪನಿಗೆ ವೀಡಿಯೊ ಕಾಲ್ ಮಾಡದಿರಲು ಆಗುತ್ತದೆಯೇ? ನಮ್ಮದು ಬೆಂಗಳೂರು ನೀಲಿ, ಅಂದರೆ ಊರಲ್ಲಿ ಬ್ಲೂ ಅನ್ನುವ ಕಪ್ಪು ದ್ರಾಕ್ಷಿ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆಗಳಲ್ಲೇ ಹೆಚ್ಚಾಗಿ ಬೆಳೆಯುವ ತಳಿ. 2013ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ದಪ್ಪ ಸಿಪ್ಪೆ, ಒಳಗೆ ಬೀಜ, ಜ್ಯೂಸಿಗೂ ವೈನಿಗೂ ಹೋಗುತ್ತದೆ. ಅಪ್ಪ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

“ಚಪ್ಪರ ಇಲ್ವಲ್ಲ ಮಗಾ?”

“ಇಲ್ಲಪ್ಪ, ಕಂಬ ನೆಟ್ಟು ತಂತಿ ಎಳೆದಿದಾರೆ.”

“ಬೂಜು ಬರಲ್ವಾ?”

“ಬರುತ್ತಂತೆ.”

“ಏನ್ ಹೊಡೀತಾರೆ ಕೇಳು. ನಾವು ಹೊಡಿಯೋ ಬೋರ್ಡೋ ಆ ಕಡೆಯದೇ ಅಂತೆ. ಟ್ರೈನಿಂಗಲ್ಲಿ ಹೇಳಿದ್ರು, ಅದೊಂದು ಊರಿನ ಹೆಸರು ಅಂತ. ಹತ್ರ ಇದ್ರೆ ನೋಡ್ಕೊಂಡು ಬಾ.”

ಹತ್ತಿರ ಇರಲಿಲ್ಲ. ಆದರೆ ಮಾತು ಕಿವಿಯಲ್ಲಿ ಉಳಿಯಿತು.

ಆ ಬೇಸಿಗೆ ನಡೆಯುವವರಿಗೆ ಒಳ್ಳೆಯ ಕಾಲ. ಉಕ್ರೇನ್ ಯುದ್ಧದಿಂದ ಪೆಟ್ರೋಲು, ಕರೆಂಟು ಎಲ್ಲ ತುಟ್ಟಿಯಾಗಿ, ಜನರಿಗೆ ಸ್ವಲ್ಪ ಉಸಿರಾಡಲು ಬಿಡೋಣ ಅಂತ ಅಲ್ಲಿನ ಸರ್ಕಾರ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು 9 ಯೂರೊ ಟಿಕೆಟ್ ಬಿಟ್ಟಿತ್ತು. ತಿಂಗಳಿಗೆ 9 ಯೂರೊ ಕೊಟ್ಟರೆ ದೇಶದ ಯಾವ ಊರಿನ ಬಸ್ಸು, ಟ್ರಾಮು, ಸಾದಾ ರೈಲನ್ನಾದರೂ ಹತ್ತಬಹುದು. ವೇಗದ ರೈಲು ಮಾತ್ರ ಇಲ್ಲ. ಬೋಗಿಗಳಲ್ಲಿ ಜಾತ್ರೆಯ ನೂಕುನುಗ್ಗಲು, ಕೂರಲು ಜಾಗವಿಲ್ಲ. ಕೆ.ಆರ್. ಪುರದ ಬಸ್ಸಿನಲ್ಲಿ ನಿಂತು ಕಾಲೇಜು ಮುಗಿಸಿದವಳಿಗೆ ಅದೇನು ಹೊಸದೇ? ಮಾರನೆಯ ವರ್ಷ ಮೇ ತಿಂಗಳಿಂದ ಅದೇ ಬಗೆಯ ಟಿಕೆಟ್ 49 ಯೂರೊಗೆ ಕಾಯಂ ಆಗಿ ಬಂತು. ನನ್ನ ವಾರಾಂತ್ಯಗಳೆಲ್ಲ ಆ ಎರಡು ಟಿಕೆಟ್ಟುಗಳ ಕೃಪೆ.

ಶುಕ್ರವಾರ ಸಂಜೆ ಆಫೀಸಿನಿಂದಲೇ ಹೊರಡುವುದು, ಭಾನುವಾರ ರಾತ್ರಿ ವಾಪಸ್ಸು. ಬೆನ್ನಿಗೊಂದು ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಚಪಾತಿ, ಅಮ್ಮ ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ರೈಲು ನಿಲ್ದಾಣದ ಒಳಗಿನವು ಬಿಟ್ಟರೆ ಒಂದು ಬಾಳೆಹಣ್ಣೂ ಸಿಗುವುದಿಲ್ಲ. ಹಾಗಾಗಿ ಚಪಾತಿ ಬರೀ ಜುಗ್ಗತನವಲ್ಲ. ನಿಲ್ದಾಣದ ಶೌಚಾಲಯಕ್ಕೆ ಒಂದು ಯೂರೊ ಚಿಲ್ಲರೆ ಇಟ್ಟುಕೊಳ್ಳಬೇಕು. ಇದನ್ನು ಪ್ರವಾಸ ಕಥನ ಬರೆಯುವ ಗಂಡಸರು ಯಾಕೋ ಬರೆಯುವುದಿಲ್ಲ. ರಾತ್ರಿ ಹಾಸ್ಟೆಲ್ಲುಗಳಲ್ಲಿ ಹೆಂಗಸರ ಕೋಣೆ ಕೇಳಿ ಮಲಗುತ್ತಿದ್ದೆ. ಅಮ್ಮನಿಗೆ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಹಾಕುವುದು ಕರಾರು. ನೀಲಿ ಚುಕ್ಕಿ ಒಂದೇ ಕಡೆ ಬಹಳ ಹೊತ್ತು ನಿಂತರೆ ಫೋನು ಬರುತ್ತಿತ್ತು: “ಯಾಕೆ ನಿಂತ್ಬಿಟ್ಟೆ? ಕಾಲು ನೋವಾ?” ಮ್ಯೂಸಿಯಮ್ಮಿನಲ್ಲಿ ಚಿತ್ರದ ಮುಂದೆ ನಿಂತಿದ್ದೇನೆ ಅಂದರೆ ಸಮಾಧಾನವಿಲ್ಲ. “ಇನ್ನೂ ಅದೇ ಚಿತ್ರನಾ?”

ಒಂಟಿಯಾಗಿ ಹೋಗುವುದರ ಕಷ್ಟ ನಾನು ಅಂದುಕೊಂಡಲ್ಲಿ ಇರಲಿಲ್ಲ. ಕತ್ತಲಾದ ಮೇಲೆ ಬೀದಿಯಲ್ಲಿ ಭಯವಾಗುತ್ತದೆ ಅಂದುಕೊಂಡಿದ್ದೆ. ನಿಲ್ದಾಣಗಳ ಸುತ್ತಮುತ್ತ ಬಿಟ್ಟರೆ ಅಷ್ಟೇನಿಲ್ಲ. ಕಷ್ಟ ಇದ್ದದ್ದು ಸಂಜೆ ಆರು ಗಂಟೆಗೆ. ಹೋಟೆಲುಗಳ ಹೊರಗೆ ಮೇಜು ಹಾಕಿ, ಎಲ್ಲರೂ ಇಬ್ಬಿಬ್ಬರು ನಾಲ್ವರು ಕೂತು ನಗುವ ಹೊತ್ತಿನಲ್ಲಿ ಒಬ್ಬಳೇ ಹೋಗಿ ಕೂತರೆ ಪರಿಚಾರಕ ಎದುರಿನ ತಟ್ಟೆ, ಲೋಟ, ಚಾಕು ಚಮಚ ಎಲ್ಲ ಎತ್ತಿಕೊಂಡು ಹೋಗುತ್ತಾನೆ. ಅವನ ತಪ್ಪೇನಿಲ್ಲ, ಅವನ ಕೆಲಸ ಅದು. ಆದರೆ ಆ ಎತ್ತಿಕೊಂಡು ಹೋಗುವುದನ್ನು ನೋಡುತ್ತ ಕೂರುವುದು ಹಿಂಸೆ. ಆಮೇಲಾಮೇಲೆ ನದಿ ದಂಡೆಯ ಬೆಂಚಿನಲ್ಲಿ ಚಪಾತಿ ಬಿಚ್ಚುವುದನ್ನೇ ರೂಢಿ ಮಾಡಿಕೊಂಡೆ. ಬೆಂಚಿನ ಮೇಲೆ ಒಂಟಿಯಾಗಿ ಕೂತವರನ್ನು ಯುರೋಪಿನಲ್ಲಿ ಯಾರೂ ಗಮನಿಸುವುದಿಲ್ಲ. ಅರ್ಧ ಊರೇ ಹಾಗೆ ಕೂತಿರುತ್ತದೆ.

ಪ್ಯಾರಿಸ್, ಪ್ರಾಗ್, ವೆನಿಸ್ ಎಲ್ಲ ನೋಡಿದೆ. ಅವುಗಳ ಬಗ್ಗೆ ಕಾರಂತರ ಕಾಲದಿಂದಲೂ ಕನ್ನಡದಲ್ಲಿ ಬರೆದವರಿದ್ದಾರೆ. ನನ್ನಲ್ಲಿ ಹೊಸದಾಗಿ ಹೇಳುವಂಥದ್ದಿಲ್ಲ. ಪ್ರಾಗಿನ ಚಾರ್ಲ್ಸ್ ಸೇತುವೆಯ ಮೇಲೆ ಜನರ ಬೆನ್ನು ನೋಡಿದ್ದೇ ಹೆಚ್ಚು. ‘ಇಪ್ಪತ್ತನಾಲ್ಕು ಗಂಟೆಯಲ್ಲಿ ನೋಡಲೇಬೇಕಾದ ಹತ್ತು ಸ್ಥಳ’ ಅನ್ನುವ ಪಟ್ಟಿ ಹಿಡಿದು ನಡೆದ ಊರುಗಳೆಲ್ಲ ಈಗ ನೆನಪಿನಲ್ಲಿ ಕಲಸಿಹೋಗಿವೆ. ಯಾವ ಗಡಿಯಾರ ಗೋಪುರ ಯಾವ ಊರಿನದು ಅಂತ ಫೋಟೊದ ತಾರೀಕು ನೋಡಿ ಹೇಳಬೇಕು. ಅಚ್ಚಳಿಯದೆ ಉಳಿದದ್ದು ಮನೆಯ ಕಡೆಯವರು ಯಾರೋ ಒಂದು ಕೆಲಸ ಹೇಳಿ ಕಳಿಸಿದ ಊರುಗಳು.

ಟ್ಯೂಬಿಂಗನ್ ಅಂಥದ್ದು. ಸ್ಟುಟ್‌ಗಾರ್ಟಿನಿಂದ ಸುಮಾರು ಒಂದು ಗಂಟೆಯ ರೈಲು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು, ನಾನು ಹೊರಡುವ ಸುದ್ದಿ ಕೇಳಿ, “ಕಿಟ್ಟೆಲ್ ಅಲ್ಲೆಲ್ಲೋ ಇದ್ದವರು ಕಣಮ್ಮ, ಆ ಊರಿಗೆ ಹೋಗಿ ಬಾ” ಅಂದಿದ್ದರು. 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲ್ ಇಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, ಸುಮಾರು 70,000 ಪದಗಳ ನಿಘಂಟಿನ ಕೆಲಸ ಹಿಡಿದು, ಕೊನೆಗೆ ಟ್ಯೂಬಿಂಗನ್ನಿನಲ್ಲಿ ನೆಲೆಸಿದ. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷದ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಲ್ಲಿ ತೀರಿಕೊಂಡ. ಊರು ಬಹಳ ಚಿಕ್ಕದು. ನೆಕ್ಕರ್ ನದಿಯಲ್ಲಿ ಹುಡುಗರು ಉದ್ದ ಕೋಲು ಊರಿ ಚಪ್ಪಟೆ ದೋಣಿ ತಳ್ಳುತ್ತಾರೆ. ದಡದಲ್ಲಿ ಹಳದಿ ಗೋಪುರ, ಅದರಲ್ಲಿ ಹೋಲ್ಡರ್ಲಿನ್ ಅನ್ನುವ ಕವಿ ಬುದ್ಧಿಭ್ರಮಣೆಯಾಗಿ 36 ವರ್ಷ ಒಬ್ಬ ಬಡಗಿಯ ಮನೆಯವರ ಆಶ್ರಯದಲ್ಲಿದ್ದ. ಹಿಂದಕ್ಕೆ ಕಲ್ಲುಹಾಸಿನ ಏರು. ಆ ಏರಿನಲ್ಲಿ ನಿಂತು ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ: “ಚಳಿ ಹೆಂಗಿದೆ? ಕಿಟ್ಟೆಲ್‌ಗೆ ಆ ವಯಸ್ಸಲ್ಲಿ ಕೂತು ಪ್ರೂಫ್ ತಿದ್ದೋಕೆ ಆಗ್ತಿತ್ತಾ?” ಫೆಬ್ರವರಿ ಆಗಿತ್ತು. ಕೈಗವಸು ತೆಗೆದು ಫೋನು ಹಿಡಿದ ಬೆರಳು ಮರಗಟ್ಟಿದ್ದವು. ಕಷ್ಟ ಸಾರ್ ಅಂದೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕಳಿಸಿದ್ದು ಮಂಡೂರಿನ ಅತ್ತೆ. ಅಂದರೆ ಬಾಸೆಲ್‌ಗೇ ಹೋಗು ಅಂದಿದ್ದಲ್ಲ. ಅವಳ ಪಾಲಿಗೆ ವಿದೇಶವೆಲ್ಲ ಒಂದೇ. “ಅಲ್ಲಿಯೋರು ಕಸ ಎಲ್ಲಿಗ್ ಹಾಕ್ತಾರೆ, ಅದನ್ನ ನೋಡ್ಕಂಡ್ ಬಾ” ಅಂದಿದ್ದಳು. ಕೇಳುವ ಹಕ್ಕು ಅವಳಿಗಿತ್ತು. ಹಳೇ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸಿನಿಂದ ನಮ್ಮೂರಿಗೆ ಬರುವ ದಾರಿಯಲ್ಲಿದೆ ಮಂಡೂರು. ಬೆಂಗಳೂರಿನ ಕಸ ವರ್ಷಗಟ್ಟಲೆ ಅಲ್ಲಿಗೆ ಬಂದು ಬಿತ್ತು. ನಾನು ಕಾಲೇಜಿಗೆ ಹೋಗುವಾಗ ಮುಂದೊಂದು ಹಿಂದೊಂದು ಕಸದ ಲಾರಿ, ಬಸ್ಸಿನ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ವಾಸನೆ. ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತರೆ ಒಂದು ಕೈ ಅನ್ನಕ್ಕೆ, ಒಂದು ಕೈ ನೊಣ ಓಡಿಸುವುದಕ್ಕೆ. 2014ರಲ್ಲಿ ಊರಿನವರೆಲ್ಲ ರಸ್ತೆಗಿಳಿದು ಕೂತ ಮೇಲೆ, ಆ ವರ್ಷದ ಕೊನೆಗೆ ಲಾರಿಗಳು ನಿಂತವು. ಬಿದ್ದ ಕಸದ ಗುಡ್ಡ ಮಾತ್ರ ಎದ್ದು ಹೋಗಲಿಲ್ಲ.

ಬಾಸೆಲ್‌ನಲ್ಲಿ ಎಲ್ಲರೂ ನೋಡುವುದನ್ನು ನಾನೂ ನೋಡಿದೆ. ರೈನ್ ನದಿ ದಾಟಿಸುವ ದೋಣಿಗೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಸಿಕ್ಕಿಸಿ, ಚುಕ್ಕಾಣಿ ಒಂದಿಷ್ಟು ಓರೆ ಮಾಡಿದರೆ ನೀರಿನ ಸೆಳೆತವೇ ಆಚೆ ದಡಕ್ಕೆ ಒಯ್ಯುತ್ತದೆ. ಮಂಗಳೂರಿಗೆ 1834ರಲ್ಲಿ ಪಾದ್ರಿಗಳನ್ನು ಕಳಿಸಿದ, ಆಮೇಲೆ ಪತ್ರಿಕೆ, ನೇಯ್ಗೆ, ಹೆಂಚು ಎಲ್ಲ ಶುರುಮಾಡಿದ ಬಾಸೆಲ್ ಮಿಶನ್ನಿನ ಮನೆಯೂ ಅಲ್ಲೇ ಇದೆ. ಅದರ ಎದುರಿನ ಬೀದಿಯ ಹೆಸರೇ ಮಿಶನ್ ಬೀದಿ. ಆದರೆ ನಾನು ಹುಡುಕಿದ್ದು ನೀಲಿ ಚೀಲ. ಆ ಊರಿನಲ್ಲಿ ಕಸವನ್ನು ಯಾವ ಚೀಲದಲ್ಲೆಂದರೆ ಆ ಚೀಲದಲ್ಲಿ ಹೊರಗಿಡುವಂತಿಲ್ಲ. ‘ಬೆಬ್ಬಿ ಸಾಕ್’ ಅನ್ನುವ ನೀಲಿ ಚೀಲವನ್ನು ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಳ್ಳಬೇಕು, ವಿಲೇವಾರಿಯ ತೆರಿಗೆ ಚೀಲದ ಬೆಲೆಯಲ್ಲೇ ಸೇರಿದೆ. ಕಸ ಹೆಚ್ಚಾದಷ್ಟೂ ಚೀಲ ಹೆಚ್ಚು, ಜೇಬು ಹಗುರ. ಸ್ವಿಟ್ಜರ್ಲೆಂಡಿನಲ್ಲಿ ಸುಡಬಹುದಾದ ಕಸವನ್ನು 2000ದಿಂದ ನೆಲದಲ್ಲಿ ಸುರಿಯುವುದೇ ನಿಷಿದ್ಧ. ಬಾಸೆಲ್‌ನ ಕಸವನ್ನು ನಗರದೊಳಗೇ, ಫ್ರಾನ್ಸ್ ಗಡಿಗೆ ಹತ್ತಿರದ ತುದಿಯಲ್ಲಿ ಸುಟ್ಟು, ಆ ಶಾಖವನ್ನು ಕೊಳವೆಯಲ್ಲಿ ಮನೆಗಳಿಗೆ ಹರಿಸುತ್ತಾರೆ. ಅಲ್ಲಿಯವರೆಗೂ ನಡೆದು ಹೋದೆ. ಎತ್ತರದ ಚಿಮಣಿ, ಪಕ್ಕದಲ್ಲೇ ರಸ್ತೆ, ಅನತಿ ದೂರದಲ್ಲಿ ಜನ ವಾಸಿಸುವ ಮನೆಗಳು. ಪ್ರವಾಸಿ ಅಂತ ಅಲ್ಲಿ ನಾನೊಬ್ಬಳೇ.

ಅತ್ತೆಗೆ ಫೋಟೊ ಕಳಿಸಿ ವಿವರಿಸಿದೆ. ಎಲ್ಲ ಕೇಳಿದ ಮೇಲೆ, “ಹಂಗಾದ್ರೆ ಅವ್ರ ಕಸ ಅವ್ರ ಊರಲ್ಲೇ ಇಕ್ಕಂತಾರೆ ಅನ್ನು” ಅಂದಳು. ಇದಕ್ಕಿಂತ ಚೆನ್ನಾಗಿ ಅದನ್ನು ಯಾವ ಪರಿಸರ ತಜ್ಞರೂ ನನಗೆ ಹೇಳಿಲ್ಲ.

ಯಾರೂ ಕೆಲಸ ಹೇಳದ ಊರೊಂದು ಡ್ರೆಸ್ಡೆನ್. 2023ರ ಈಸ್ಟರ್ ರಜೆಯಲ್ಲಿ ರಾತ್ರಿ ಬಸ್ಸು ಹಿಡಿದು ಹೋದೆ. 1945ರ ಫೆಬ್ರವರಿಯ ಬಾಂಬು ದಾಳಿಯಲ್ಲಿ ಕುಸಿದ ಫ್ರೌವೆನ್‌ಕಿರ್ಖೆ ಚರ್ಚು ಅರ್ಧ ಶತಮಾನ ಕಲ್ಲುರಾಶಿಯಾಗಿಯೇ ಬಿದ್ದಿತ್ತು. ಆ ರಾಶಿಯಿಂದಲೇ ಕಲ್ಲು ಆರಿಸಿ ಮತ್ತೆ ಕಟ್ಟಿ 2005ರಲ್ಲಿ ತೆರೆದರು. ಹಳೇ ಕಲ್ಲು ಕಪ್ಪು, ಹೊಸದು ತಿಳಿ ಬಣ್ಣ. ಹತ್ತಿರ ನಿಂತರೆ ಗೋಡೆಯ ಯಾವ ತುಂಡು ಯಾವ ಕಾಲದ್ದು ಅಂತ ಕೈಯಿಟ್ಟು ತೋರಿಸಬಹುದು. ಮ್ಯೂಸಿಯಮ್ಮಿನ ಸಾಲು ಕಂಡು ಬೇಸತ್ತು ಎಲ್ಬೆ ನದಿಯ ದಂಡೆ ಹಿಡಿದು ಮೇಲಕ್ಕೆ ನಡೆದೆ. ಆ ಕಣಿವೆ 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿತ್ತು. ವಾಹನ ದಟ್ಟಣೆಗೆ ಹೊಸ ಸೇತುವೆ ಬೇಕೇ ಬೇಕು ಅಂತ ಊರು ಹಟ ಹಿಡಿದದ್ದರಿಂದ 2009ರಲ್ಲಿ ಪಟ್ಟಿಯಿಂದ ತೆಗೆದುಹಾಕಿದರು. ಸೇತುವೆಯ ಅಡಿಯಲ್ಲೇ ಹಾದುಹೋದೆ. ಊರಿಗಿಂತ ಗಾಡಿ ದೊಡ್ಡದು ಅನ್ನುವ ಬುದ್ಧಿ ಬೆಂಗಳೂರಿಗೊಂದೇ ಇರುವುದಲ್ಲ ಅಂತ ಸಣ್ಣ ಸಮಾಧಾನ.

ಹತ್ತು ಕಿಲೊಮೀಟರ್ ಮೇಲೆ ನಡೆದರೆ ಪಿಲ್‌ನಿಟ್ಸ್ ಅರಮನೆ, ತೋಟ. 1801ರಲ್ಲಿ ನೆಟ್ಟ ಒಂದು ಕಮೀಲಿಯಾ ಗಿಡ, ಈಗ ಎರಡಾಳೆತ್ತರಕ್ಕೂ ಮೀರಿದ ಮರ, ಅಲ್ಲಿದೆ. ಚಳಿಗಾಲದಲ್ಲಿ ಅದಕ್ಕೊಂದು ಗಾಜಿನ ಮನೆ. ಮನೆಗೆ ಗಾಲಿ, ನೆಲದಲ್ಲಿ ಹಳಿ. ಬೇಸಿಗೆಯಲ್ಲಿ ಇಡೀ ಗಾಜಿನ ಮನೆಯನ್ನೇ ಪಕ್ಕಕ್ಕೆ ತಳ್ಳುತ್ತಾರೆ. ಹೂವಿನ ಕಾಲ ಮುಗಿಯುತ್ತ ಬಂದಿತ್ತು, ಕೆಂಪು ಹೂ ನೆಲದ ತುಂಬ. ವಾಪಸು ಬರುವ ಬಸ್ಸಿನಲ್ಲಿ ಓದುತ್ತಿದ್ದಾಗ ಗೊತ್ತಾಯಿತು: ಹತ್ತಿರದ ಲೋಮೆನ್‌ನಲ್ಲಿ 1865ರಲ್ಲಿ ಹುಟ್ಟಿದ ಒಬ್ಬ ಹುಡುಗ ಇದೇ ತೋಟದಲ್ಲಿ ಕೆಲಸ ಕಲಿತು, ಲಂಡನ್, ಬರೋಡಾ ಸುತ್ತಿ, 1908ರಲ್ಲಿ ಲಾಲ್‌ಬಾಗಿಗೆ ಬಂದ. ಜಿ.ಎಚ್. ಕ್ರುಂಬಿಗಲ್. ವರ್ಷದ ಯಾವ ತಿಂಗಳಲ್ಲಾದರೂ ಯಾವುದಾದರೊಂದು ಬೀದಿ ಹೂ ಬಿಟ್ಟಿರಬೇಕು ಅಂತ ಬೆಂಗಳೂರಿನ ಸಾಲುಮರ ಯೋಜಿಸಿದಾತ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ. ಇದು ಮೊದಲೇ ಗೊತ್ತಿದ್ದರೆ ಮರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಅಮ್ಮ ಫೋನು ಮಾಡಿದರೂ ಸರಿ.

ಇನ್ನು ಬೋರ್ಡೋ.

ಅದೇ ವರ್ಷ ಮೇ ತಿಂಗಳಲ್ಲಿ ಗುರುವಾರ ಹಬ್ಬದ ರಜೆ, ಶುಕ್ರವಾರ ನಾನೇ ರಜೆ ಹಾಕಿದೆ. ಸ್ಟುಟ್‌ಗಾರ್ಟಿನಿಂದ ಪ್ಯಾರಿಸ್, ಅಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಮೆಟ್ರೊ, ಅಲ್ಲಿಂದ ಎರಡು ಗಂಟೆ ಚಿಲ್ಲರೆಯಲ್ಲಿ ಬೋರ್ಡೋ. ನಡೆಯಲು ಹೇಳಿ ಮಾಡಿಸಿದ ಊರು. ಗರೊನ್ ನದಿಯ ದಂಡೆಯುದ್ದಕ್ಕೂ ಮೊದಲು ಗೋದಾಮುಗಳಿದ್ದವಂತೆ, ಅವನ್ನೆಲ್ಲ ತೆಗೆದು ಜನ ಓಡಾಡಲು ಬಿಟ್ಟಿದ್ದಾರೆ. ಅರಮನೆಯಂಥ ಕಟ್ಟಡಗಳ ಎದುರು ‘ನೀರ ಕನ್ನಡಿ’: ಕರಿಕಲ್ಲಿನ ವಿಶಾಲ ಹಾಸಿನ ಮೇಲೆ ಎರಡು ಸೆಂಟಿಮೀಟರ್ ನೀರು. ಕಟ್ಟಡವೆಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ನೀರು ಇಂಗಿ ಮಂಜು ಏಳುತ್ತದೆ, ಮಕ್ಕಳು ಕೂಗುತ್ತ ಅದರೊಳಗೆ ಓಡುತ್ತವೆ. ನಾನೂ ಶೂ ಬಿಚ್ಚಿ ಇಳಿದೆ. ಅದೇ ದಂಡೆಯಲ್ಲಿ ಮುಂದೆ ಒಬ್ಬ ಕಪ್ಪು ಹೆಣ್ಣುಮಗಳ ಪ್ರತಿಮೆ. ಮೊದೆಸ್ತ್ ತೆಸ್ತಾಸ್ ಅಂತ ಹೆಸರು. ಆಫ್ರಿಕಾದಲ್ಲಿ ಹುಟ್ಟಿದ ಅವಳನ್ನು ಈ ಊರಿನ ವರ್ತಕ ಸೋದರರು ಗುಲಾಮಳಾಗಿ ಕೊಂಡಿದ್ದರು. 2019ರಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ. ಆ ಚೆಂದದ ಕಟ್ಟಡಗಳಿಗೆ ದುಡ್ಡು ಬಂದ ದಾರಿಗಳಲ್ಲಿ ಅದೂ ಒಂದು.

ಆದರೆ ಅಪ್ಪನ ಕೆಲಸ ಊರೊಳಗೆ ಇರಲಿಲ್ಲ. ಶನಿವಾರ ಬೆಳಗ್ಗೆ ಉತ್ತರಕ್ಕೆ ಹೋಗುವ ಸಣ್ಣ ರೈಲು ಹತ್ತಿ ಪೊಯ್ಯಾಕ್‌ನಲ್ಲಿ ಇಳಿದೆ. ಅಲ್ಲಿಂದ ದಕ್ಷಿಣಕ್ಕೆ ಕೆಲವು ಕಿಲೊಮೀಟರ್ ನಡೆದರೆ ಸೇಂಟ್ ಜೂಲಿಯನ್ ಎಂಬ ಹಳ್ಳಿ. ಎರಡೂ ಕಡೆ ಕಣ್ಣು ಹಾಯುವವರೆಗೆ ದ್ರಾಕ್ಷಿ, ಅದೂ ಸೊಂಟದೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದ ಬಳ್ಳಿ. ನಮ್ಮ ಚಪ್ಪರದ ಕೆಳಗೆ ನಾವು ನೆರಳಲ್ಲಿ ನಡೆಯುತ್ತೇವೆ, ಅಲ್ಲಿ ಬಳ್ಳಿಯನ್ನು ಬಗ್ಗಿ ನೋಡಬೇಕು. ನೆಲದಲ್ಲಿ ಮಣ್ಣಿಗಿಂತ ಗುಂಡುಕಲ್ಲೇ ಹೆಚ್ಚು. ಒಂದು ಮಾತು ಹೇಳಲೇಬೇಕು, ಆ ರಸ್ತೆಗೆ ಫುಟ್‌ಪಾತ್ ಇಲ್ಲ. ಎಲ್ಲರೂ ಕಾರಿನಲ್ಲಿ ಬಂದು ವೈನು ರುಚಿ ನೋಡಿ ಹೋಗುವವರೇ. ಹುಲ್ಲಿನ ಅಂಚಿನಲ್ಲಿ ನಡೆದುಕೊಂಡು ಹೋದವಳು ನಾನು.

ಈ ಹಳ್ಳಿಯ ಕಥೆ ಇದು. ಅಮೆರಿಕದ ಬಳ್ಳಿಗಳ ಜೊತೆ ಬಂದ ಬೂಜು ರೋಗ 1878ರ ಹೊತ್ತಿಗೆ ಫ್ರಾನ್ಸಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಎಲೆ ಉದುರಿ ಕಾಯಿ ಒಣಗಿ ರೈತರು ದಿಕ್ಕೆಟ್ಟರು. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ದೆ ಸೇಂಟ್ ಜೂಲಿಯನ್ನಿನ ತೋಟದ ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡ. ತೋಟವೆಲ್ಲ ಬೋಳು, ದಾರಿ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿದೆ, ಮೇಲೆ ನೀಲಿ ಪುಡಿಯ ಕಲೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕಿತ್ತು ತಿನ್ನುತ್ತಾರೆ, ಅವರನ್ನು ಹೆದರಿಸಲು ಮೈಲುತುತ್ತ ಸುಣ್ಣ ಕಲಸಿ ಎರಚಿದ್ದೇವೆ ಅಂದರು. ವಿಷದ ಹಾಗೆ ಕಾಣಲಿ ಅಂತ! ಕಳ್ಳರಿಗೆ ಅಂತ ಹಾಕಿದ್ದು ಬೂಜನ್ನು ತಡೆದಿತ್ತು. ಮಿಲಾರ್ದೆ ಸಹೋದ್ಯೋಗಿ ಗಯೋನ್ ಜೊತೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ. ಅಂದು ಆ ದಾರಿಯಲ್ಲಿ ನಡೆದು ಹೋಗುವವರು ಇಲ್ಲದಿದ್ದರೆ, ಅವರಿಗೆ ಹಣ್ಣಿನ ಚಪಲ ಇಲ್ಲದಿದ್ದರೆ, ಬೂದಿಗೆರೆಯ ನಮ್ಮ ತೋಟದಲ್ಲಿ ಆ ನೀಲಿ ಡ್ರಮ್ಮು ಇರುತ್ತಿರಲಿಲ್ಲ.

ದಾರಿಯಂಚಿನಲ್ಲಿ ನಿಂತು ಎಲೆ ನೋಡುತ್ತಿದ್ದಾಗ ಸಾಲಿನ ನಡುವಿನಿಂದ ಒಂದು ಟ್ರ್ಯಾಕ್ಟರ್ ಬಂತು. ಸಾಲಿನ ನಡುವೆ ಅಲ್ಲ, ಸಾಲಿನ ಮೇಲೆ. ಕಾಲು ಉದ್ದ ಮಾಡಿದ ಟ್ರ್ಯಾಕ್ಟರ್, ಬಳ್ಳಿಯ ಸಾಲನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಎರಡೂ ಕಡೆ ಚಕ್ರ ಊರಿ ನಡೆಯುವಂಥದ್ದು. ಅದನ್ನು ನಡೆಸುತ್ತಿದ್ದ ವಯಸ್ಸಾದವರು ತುದಿಗೆ ಬಂದು ಎಂಜಿನ್ ಆರಿಸಿ ಫ್ರೆಂಚಿನಲ್ಲಿ ಏನೋ ಕೇಳಿದರು. ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಎಲ್ಲಿಗೆ ಹೊಂಟೆ, ಅಷ್ಟೇ. ಯುರೋಪಿಗೆ ಬಂದ ಮೇಲೆ ನನ್ನನ್ನು ಹಾಗೆ ಕೇಳಿದ ಮೊದಲನೆಯವರು. ಉತ್ತರವೂ ಇತ್ತು. ಫೋನಿನಲ್ಲಿ ಅಪ್ಪನ ಫೋಟೊ ತೋರಿಸಿದೆ: ಪ್ಲಾಸ್ಟಿಕ್ ಡ್ರಮ್ಮು, ಒಳಗೆ ಆಕಾಶನೀಲಿ ದ್ರಾವಣ, ಅಪ್ಪನ ಕೈಯಲ್ಲಿ ಕುಡುಗೋಲು. ಅವರು ಕನ್ನಡಕ ಏರಿಸಿ ನೋಡಿ ಜೋರಾಗಿ ನಕ್ಕರು. ಅನುವಾದದ ಆ್ಯಪು ತೆರೆದು ಇಬ್ಬರೂ ಮಾತಿಗೆ ನಿಂತೆವು.

ಕುಡುಗೋಲು ಯಾಕೆ ಅಂತ ಅವರೇ ವಿವರಿಸಿದರು, ಥೇಟ್ ಅಪ್ಪನ ಹಾಗೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕಲಸಬೇಕು, ಕಬ್ಬಿಣದ ಪಾತ್ರೆ ಕೂಡದು. ಕಲಸಿದ ಮೇಲೆ ಉಜ್ಜಿದ ಕಬ್ಬಿಣವನ್ನು ಒಂದು ಗಳಿಗೆ ಅದ್ದಿ ತೆಗೆದು ನೋಡಬೇಕು. ಅಲಗು ಕೆಂಪಗಾದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ, ಎಲೆ ಸುಡುತ್ತದೆ, ಸುಣ್ಣದ ತಿಳಿ ಇನ್ನಷ್ಟು ಸೇರಿಸಬೇಕು. ನಮ್ಮ ತೋಟದಲ್ಲಿ ಕುಡುಗೋಲು, ಅವರಲ್ಲಿ ಅವರಜ್ಜನ ಕಾಲದ ಕತ್ತರಿಸುವ ಚಾಕು. ಈಗ ಅವರದು ಕಂಪನಿಯಿಂದ ಬರುವ ಸಿದ್ಧ ಪುಡಿ. ಜೊತೆಗೆ ಇನ್ನೊಂದು ವಿಷಯ ಹೇಳಿದರು, ಅದನ್ನು ಬರೆದುಕೊಂಡೆ. ತಾಮ್ರ ಕೊಳೆಯುವುದಿಲ್ಲ, ವರ್ಷವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ಅದಕ್ಕೇ ಯುರೋಪಿನಲ್ಲಿ ಈಗ ಮಿತಿ ಹಾಕಿದ್ದಾರೆ: ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ ತಾಮ್ರ, ಅಂದರೆ ವರ್ಷಕ್ಕೆ ಸರಾಸರಿ ನಾಲ್ಕು.

ರಾತ್ರಿ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಕಳ್ಳರ ಕಥೆಗೆ ಅವನೇನೂ ಆಶ್ಚರ್ಯಪಡಲಿಲ್ಲ, ರಸ್ತೆ ಪಕ್ಕದ ತೋಟ ಇಟ್ಟುಕೊಂಡವನಿಗೆ ಅದೆಲ್ಲ ಗೊತ್ತಿದ್ದದ್ದೇ. ತಾಮ್ರದ ಲೆಕ್ಕಕ್ಕೆ ಬಂದಾಗ ಮಾತ್ರ ಸುಮ್ಮನಾದ. ಮೈಲುತುತ್ತ ಒಂದು ಕಿಲೊದಲ್ಲಿ ತಾಮ್ರ ಎಷ್ಟಿರುತ್ತೆ ಅಂದ. ಕಾಲು ಕಿಲೊ ಅಂದೆ. ಎಕರೆಗೆ ನಾನೂರು ಲೀಟರ್ ಹೊಡೆದರೆ ಒಂದು ಕಿಲೊ ತಾಮ್ರ. ಹೆಕ್ಟೇರಿಗೆ ಎರಡೂವರೆ. “ಹಂಗಾದ್ರೆ ಎರಡು ಸಲ ಹೊಡೆದ್ರೆ ಅವ್ರ ಲೆಕ್ಕ ದಾಟ್ತು” ಅಂದ. ಮಳೆಗಾಲದಲ್ಲಿ ನಾವು ಎಷ್ಟು ಸಲ ಹೊಡೆಯುತ್ತೇವೆ ಅನ್ನುವುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

2024ರಲ್ಲಿ ವಾಪಸು ಬಂದೆ. ಆ ಕಾಲುದ್ದದ ಟ್ರ್ಯಾಕ್ಟರಿನ ವೀಡಿಯೊ ನನಗಿಂತ ಮೊದಲೇ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ಡೇರಿಯ ಮುಂದೆ ಅಪ್ಪ ಅದನ್ನು ತೋರಿಸಿ, “ನಮ್ ಹುಡ್ಗಿ ನಡ್ಕೊಂಡ್ ಹೋಗಿ ತೆಗೆದಿರೋದು” ಅನ್ನುತ್ತಿದ್ದ. ಅವನಿಗೆ ಪ್ಯಾರಿಸ್ಸಿನ ಗೋಪುರದ ಫೋಟೊ ಬೇಕಿರಲಿಲ್ಲ. ಈಗ ಅವನು ಬೋರ್ಡೋ ಬಿಟ್ಟಿಲ್ಲ, ಆದರೆ ಎಷ್ಟು ಸಲ, ಎಷ್ಟು ಲೀಟರ್ ಅಂತ ಕ್ಯಾಲೆಂಡರಿನ ಮೇಲೆ ಬರೆಯುತ್ತಾನೆ. ನಾನು ಸಂಜೆ ಸುಮ್ಮನೆ ನಡೆಯಲು ಹೋದರೆ ಈಗಲೂ ಕೇಳುತ್ತಾರೆ. ರಸ್ತೆ ಅಗಲವಾಗಿದೆ, ಎರಡೂ ಕಡೆ ಲೇಔಟಿನ ಬೋರ್ಡುಗಳು ಎದ್ದಿವೆ, ಟಿಪ್ಪರುಗಳ ಧೂಳು ಹೆಚ್ಚಿದೆ. ಕೇಳುವವರು ಕಮ್ಮಿಯಾಗಿದ್ದಾರೆ.

ನಮ್ಮ ಕಡೆಯ ಮಕ್ಕಳು ಈಗ ವರ್ಷವರ್ಷ ಜರ್ಮನಿ, ನೆದರ್ಲೆಂಡ್ಸ್ ಅಂತ ಓದಿಗೆ, ಕೆಲಸಕ್ಕೆ ಹೊರಡುತ್ತಿದ್ದಾರೆ. ಅವರಿಗೆ ಹೇಳುವುದಿಷ್ಟು. ಅಲ್ಲಿನ ವಾಸದ ಪರವಾನಗಿ ಇದ್ದರೆ ಉಳಿದ ಷೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ, 180 ದಿನದಲ್ಲಿ 90 ದಿನ ಓಡಾಡಬಹುದು. ಒಬ್ಬರೇ ಹೋಗಿ, ನಡೆದೇ ಹೋಗಿ, ಶೂಗೆ ಮಾತ್ರ ಜಿಪುಣತನ ಮಾಡಬೇಡಿ. ನೋಡಲೇಬೇಕಾದ ಹತ್ತು ಸ್ಥಳದ ಪಟ್ಟಿ ಬೇಕಾದಷ್ಟು ಸಿಗುತ್ತದೆ, ಅದನ್ನು ಆಮೇಲೆ ನೋಡಿಕೊಳ್ಳಿ. ವಿಮಾನ ಹತ್ತುವ ಮೊದಲು ಅಪ್ಪ, ಅತ್ತೆ, ಹಳೇ ಮೇಷ್ಟ್ರು, ಯಾರಾದರೂ ಸರಿ, ಒಬ್ಬರನ್ನು ಕೇಳಿ: ನಿಮಗೇನು ನೋಡ್ಕೊಂಡು ಬರಲಿ?